ಚಾವಿ ಕಿಸೆಯಲ್ಲಿರಲಿ

ಹುಬ್ಬಳ್ಳಿ

ಚಿರಂಜೀವಿ ಮಗನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನಿನ್ನ ಪತ್ರ ತಲುಪಿತು. ಗದಗಿನ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ ಹಾಕಿಕೊಂಡು ಅಣ್ಣನ ಹಳೆಯ ಯೆಜ್ಡಿ ಬೈಕನ್ನು ಬಿಚ್ಚಿ ಹರವಿಕೊಂಡಿದ್ದೀ ಎಂದು ಓದಿ ಸಂತೋಷವಾಯಿತು. ಆದರೆ ಅದೇ ಪತ್ರದ ಕೊನೆಯಲ್ಲಿ, ನಿನ್ನ ಗೆಳೆಯನೊಬ್ಬ ಬೈಕಿನ ಚೈನ್ ಒರೆಸಲು ಹೋಗಿ ತೋರುಬೆರಳಿನ ತುದಿಯನ್ನು ಕಳೆದುಕೊಂಡ ಸುದ್ದಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೀ. ಉಳಿದ ಇಡೀ ಪತ್ರಕ್ಕಿಂತ ಆ ಎರಡು ಸಾಲು ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದರಿಂದ ಈ ಉತ್ತರ ಬಹುಪಾಲು ಅದಕ್ಕೇ ಸಂಬಂಧಪಟ್ಟಿದೆ.

ಆ ಹುಡುಗ ಮಾಡಿದ್ದೇನು ಎಂಬುದನ್ನು ನೀನು ಬರೆಯದಿದ್ದರೂ ನಾನು ಊಹಿಸಬಲ್ಲೆ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ಹಿಂದಿನ ಗಾಲಿ ತಾನಾಗಿಯೇ ತಿರುಗುತ್ತಿರುವಾಗ ಚೈನಿಗೆ ಬಟ್ಟೆ ಹಿಡಿದಿರುತ್ತಾನೆ. ಕೈಯಿಂದ ಗಾಲಿ ತಿರುಗಿಸುವ ಶ್ರಮ ತಪ್ಪುತ್ತದೆ, ಚೈನ್ ಬೇಗ ಸ್ವಚ್ಛವಾಗುತ್ತದೆ ಎಂಬುದು ಲೆಕ್ಕ. ಬಟ್ಟೆಯ ಒಂದು ಎಳೆ ಚೈನಿಗೂ ಚಕ್ರದ ಹಲ್ಲಿಗೂ ನಡುವೆ ಸಿಕ್ಕಿದರೆ ಸಾಕು, ಬಟ್ಟೆಯ ಹಿಂದೆ ಬೆರಳೂ ಹೋಗುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳಬೇಕೆಂದು ನಮಗೆ ಹೊಳೆಯುವಷ್ಟರಲ್ಲಿ ಹಲ್ಲು ತನ್ನ ಕೆಲಸ ಮುಗಿಸಿರುತ್ತದೆ. ಇಂಥ ಗಾಯಗಳು ಕೆಲಸ ಬಾರದವರಿಗೆ ಮಾತ್ರ ಆಗುತ್ತವೆ ಎಂದು ತಿಳಿಯಬೇಡ. ಇಂಜಿನ್ ಬಿಚ್ಚುವಾಗ ಮೈಯೆಲ್ಲ ಕಣ್ಣಾಗಿ ಕೂಡುವ ಮನುಷ್ಯನೇ ಚೈನ್ ಒರೆಸುವುದನ್ನು ಕೆಲಸವೆಂದು ಗಣಿಸುವುದಿಲ್ಲ. ‘ಒಂದು ನಿಮಿಷದ್ದು, ಈಗ ಮುಗಿಸಿಬಿಡುತ್ತೇನೆ’ ಎಂದು ನಾವು ಅಂದುಕೊಳ್ಳುವ ಕಡೆಯೇ ಹವ್ಯಾಸಿಗಳ ಬಹಳಷ್ಟು ಅಪಘಾತಗಳು ಆಗುವುದನ್ನು ನಾನು ನೋಡಿದ್ದೇನೆ.

ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ನಡೆದು ಬಂದಿರುವ ನಮ್ಮ ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ನೌಕರಿಯುದ್ದಕ್ಕೂ ನಾನು ಕಂಡ ಒಂದು ಪದ್ಧತಿಯನ್ನು ನಿನಗೆ ಹೇಳಬೇಕು. ರಿಪೇರಿಗೆ ನಿಂತ ಬೋಗಿಯ ಅಡಿಗೆ ಹೋಗುವ ಮುನ್ನ ಅದಕ್ಕೆ ಕೆಂಪು ಬಾವುಟ ಸಿಕ್ಕಿಸುತ್ತಾರೆ, ಮತ್ತು ಕೆಲಸ ಮಾಡುವವರು ಹೊರಬಂದು ಅದನ್ನು ತೆಗೆಯುವವರೆಗೆ ಬೋಗಿಯನ್ನು ಯಾರೂ ಅಲುಗಿಸುವಂತಿಲ್ಲ. ಒಳಗೆ ಮಾಡುವ ಕೆಲಸ ದೊಡ್ಡದೋ ಸಣ್ಣದೋ ಎಂದು ಬಾವುಟ ಕೇಳುವುದಿಲ್ಲ. ನಿನ್ನ ಶೆಡ್ಡಿನಲ್ಲಿ ಆ ಬಾವುಟದ ಜಾಗದಲ್ಲಿ ಗಾಡಿಯ ಚಾವಿ ಇರಲಿ. ಚೈನಾಗಲಿ, ಬ್ರೇಕಾಗಲಿ, ಗಾಲಿಯಾಗಲಿ, ಕೈ ಹಾಕುವ ಮುನ್ನ ಚಾವಿ ತೆಗೆದು ನಿನ್ನ ಕಿಸೆಯಲ್ಲಿ ಹಾಕಿಕೊ. ಗಾಡಿಯ ಮೇಲೆ ಬಿಟ್ಟ ಚಾವಿಯನ್ನು ಮನೆಯ ಸಣ್ಣ ಹುಡುಗರು ತಿರುಗಿಸದೆ ಇರುವುದಿಲ್ಲ. ಸೆಲ್ಫ್ ಸ್ಟಾರ್ಟ್ ಇಲ್ಲದ ಹಳೆಯ ಯೆಜ್ಡಿಯ ಬಗ್ಗೆ ಅಷ್ಟು ಹೆದರಿಕೆ ಇಲ್ಲ, ನೀನು ದಿನವೂ ಓಡಿಸುವ ಗಾಡಿಯ ಬಗ್ಗೆ ಇದೆ.

ಚೈನಿನ ಮಾತು ಬಂದಿರುವುದರಿಂದ ಅದನ್ನು ಪೂರ್ತಿ ಹೇಳಿಬಿಡುತ್ತೇನೆ. ನಿಮ್ಮ ಕಡೆಯ ಎರೆಮಣ್ಣು ಬೈಕಿಗೆ ಎಷ್ಟು ಕಾಟ ಕೊಡುತ್ತದೆ ಎಂಬುದು ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಓಡಿಸುವವರಿಗೆ ತಿಳಿಯದು. ಮಳೆಗಾಲದಲ್ಲಿ ನರಗುಂದದ ಕಡೆಯ ಹೊಲದ ದಾರಿಗೆ ಇಳಿದರೆ ಮಡ್‌ಗಾರ್ಡಿನೊಳಗೆ ಮಣ್ಣು ಮೆತ್ತಿ ಮೆತ್ತಿ ಗಾಲಿಯೇ ನಿಂತುಬಿಡುತ್ತದೆ. ಆಗ ಇಂಜಿನ್ ರೇಸ್ ಮಾಡಿ ಗಾಲಿಯನ್ನು ಬಿಡಿಸಲು ಹೋದರೆ ಕ್ಲಚ್ ಪ್ಲೇಟು ಸುಡುತ್ತದೆ. ಇಂಜಿನ್ ಬಂದ್ ಮಾಡಿ ಕೋಲಿನಿಂದ ಮಣ್ಣು ಕೆದರಿ ತೆಗೆಯಬೇಕು. ಮನೆಗೆ ಬಂದ ಮೇಲೆ ಅದನ್ನು ಒಣಗಲು ಬಿಡದೆ ಅಂದೇ ತೊಳೆದುಬಿಡು. ಒಣಗಿದ ಎರೆ ಬಿಡುವುದು ಸುಲಭವಲ್ಲ. ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಶ್ಶಿನಿಂದ ಉಜ್ಜು, ಪೆಟ್ರೋಲನ್ನು ಎಂದಿಗೂ ಬಳಸಬೇಡ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಎಡಗೈಯಿಂದ ಟೈರ್ ಹಿಡಿದು ಸ್ವಲ್ಪ ತಿರುಗಿಸಿ, ಗಾಲಿ ನಿಂತ ಮೇಲೆ ಬಲಗೈಯಿಂದ ಉಜ್ಜು, ಮತ್ತೆ ತಿರುಗಿಸು. ಒಣಗಿಸಿ 90 ನಂಬರ್ ಗೇರ್ ಆಯಿಲ್ ಹಚ್ಚಿ, ಮೇಲಿನ ಹೆಚ್ಚಿನದನ್ನು ಒರೆಸಿಬಿಡು. ಇಂಜಿನ್ನಿನಿಂದ ತೆಗೆದ ಕರಿ ಆಯಿಲನ್ನು ಚೈನಿಗೆ ಹಚ್ಚುವ ಜಿಪುಣತನ ನಮ್ಮ ಊರುಗಳಲ್ಲಿ ಬಹಳ ಇದೆ. ಅದರಲ್ಲಿ ಲೋಹದ ಪುಡಿ ಮೊದಲೇ ಇರುತ್ತದೆ, ಅದರ ಮೇಲೆ ಧೂಳು ಬಂದು ಕೂತರೆ ಚೈನನ್ನು ಅರದಂತೆ ಸವೆಸುತ್ತದೆ. ನೂರು ಸಿಸಿಯ ಸಾಮಾನ್ಯ ಬೈಕುಗಳಲ್ಲಿ ಚೈನಿನ ನಡುಭಾಗ ಮೇಲೆ ಕೆಳಗೆ ಎರಡರಿಂದ ಮೂರು ಸೆಂಟಿಮೀಟರ್ ಆಡುವಷ್ಟು ಸಡಿಲವಿರಬೇಕು.

ಇನ್ನು ಯೆಜ್ಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದ್ದರಿಂದ ನಿನ್ನ ಮುಂದಿರುವ ಆ ಗಾಡಿಯ ರಬ್ಬರು, ಸೀಲು, ಪೈಪುಗಳು ಮೂಲದವೇ ಆಗಿದ್ದರೆ ಅವುಗಳಿಗೆ ನಿನಗಿಂತ ಹೆಚ್ಚು ವಯಸ್ಸಾಗಿದೆ. ಇದು ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು, ಗೇರ್ ಆಯಿಲ್ ಬೇರೆಯೇ ಇರುತ್ತದೆ. ಬರಿ ಪೆಟ್ರೋಲ್ ಹಾಕಿಕೊಂಡು ‘ಬಂಕಿನಿಂದ ಮನೆಯವರೆಗಷ್ಟೇ’ ಎಂದು ಓಡಿಸಿದರೆ ಪಿಸ್ಟನ್ ಕಚ್ಚಿಕೊಂಡು ನಡುರಸ್ತೆಯಲ್ಲಿ ಹಿಂದಿನ ಗಾಲಿ ಲಾಕ್ ಆಗುತ್ತದೆ. ಓಡುತ್ತಿರುವಾಗ ಇಂಜಿನ್ನಿನ ದನಿ ಒಮ್ಮೆಲೇ ಬಿಗಿಯಾದಂತೆ ಕೇಳಿದರೆ ಬೇರೇನೂ ಯೋಚಿಸದೆ ಮೊದಲು ಕ್ಲಚ್ ಹಿಡಿ. ಈ ಗಾಡಿಯಲ್ಲಿ ಗೇರಿನ ಲಿವರೇ ಕಿಕ್ ಆಗುತ್ತದೆ ಎಂಬುದನ್ನು ನೀನು ಈಗಾಗಲೇ ಕಂಡಿರುತ್ತೀ. ಅರೆಮನಸ್ಸಿನಿಂದ ಒದ್ದರೆ ಅದು ತಿರುಗಿ ಮೊಳಕಾಲಿನ ಕೆಳಗೆ ಹೊಡೆಯುತ್ತದೆ. ಚಪ್ಪಲಿ ಹಾಕಿಕೊಂಡು ಕಿಕ್ ಹೊಡೆಯಬೇಡ.

ನಿನ್ನ ಪತ್ರದಲ್ಲಿ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ ಮಾತು ಟ್ಯಾಂಕಿನದು. ಟ್ಯಾಂಕಿನ ಅಡಿಯಲ್ಲಿ ಸೂಜಿಯ ಮೊನೆಯಷ್ಟು ತೂತಾಗಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತೆಂದೂ, ಅದನ್ನು ಖಾಲಿ ಮಾಡಿಟ್ಟಿದ್ದೀ ಎಂದೂ, ಗೆಳೆಯನ ವೆಲ್ಡಿಂಗ್ ಮಷೀನು ತಂದು ಒಂದು ಟಾಕಾ ಹಾಕುವ ವಿಚಾರವಿದೆಯೆಂದೂ ಬರೆದಿದ್ದೀ. ತೂತು ಹೇಗೆ ಬಿತ್ತೆಂಬುದು ತಿಳಿಯದ ವಿಷಯವಲ್ಲ: ವರ್ಷಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರಿನಂಶ ಅಡಿಗೆ ಇಳಿದು ತಗಡನ್ನು ತಿಂದಿದೆ. 2023ರ ಫೆಬ್ರುವರಿಯಿಂದ ನಮ್ಮಲ್ಲಿ ಮಾರಾಟಕ್ಕೆ ಬಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ಆದ್ದರಿಂದ ಮುಂದೆ ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಕಾರ್ಬೊರೇಟರನ್ನೂ ಟ್ಯಾಂಕನ್ನೂ ಬರಿದು ಮಾಡಿಯೇ ನಿಲ್ಲಿಸು. ಆದರೆ ಖಾಲಿ ಟ್ಯಾಂಕು ನಿರಪಾಯವೆಂದು ಮಾತ್ರ ತಿಳಿಯಬೇಡ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ; ಬರಿದಾದ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು, ಒಂದು ಕಿಡಿಗೆ ಸಿಡಿಯುವ ಹದದಲ್ಲಿರುತ್ತವೆ. ಒಂದು ಸಲ ನೀರು ಹಾಕಿ ಕುಲುಕಿ ಚೆಲ್ಲಿದರೆ ಆವಿ ಹೋಗುವುದಿಲ್ಲ, ತುಕ್ಕಿನ ಪದರದ ಸಂದಿಯಿಂದ ಮತ್ತೆ ಏಳುತ್ತದೆ. ಆ ಟ್ಯಾಂಕಿಗೆ ನೀನೂ ನಿನ್ನ ಗೆಳೆಯರೂ ಬೆಂಕಿ ತೋರಿಸಕೂಡದು. ಟ್ಯಾಂಕಿನ ಕೆಲಸವನ್ನೇ ಮಾಡಿಕೊಂಡು ಬಂದವರಲ್ಲಿಗೆ ಒಯ್ದು, ಒಳಗೆ ಪೆಟ್ರೋಲ್ ಇತ್ತೆಂದು ಬಾಯಿಬಿಟ್ಟು ಹೇಳಿ ಕೊಡು.

ಇದೇ ಕಾರಣಕ್ಕೆ ಕಾರ್ಬೊರೇಟರ್ ಬಿಚ್ಚುವುದನ್ನು ಮುಂಜಾನೆ ಇಟ್ಟುಕೊಳ್ಳಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೇರಿ ಹೋಗದೆ ನೆಲ ಹಿಡಿದು ಹರಿಯುತ್ತದೆ. ನಿಮ್ಮ ಹಿತ್ತಲಲ್ಲಿ ಶೆಡ್ಡಿಗೂ ಬಚ್ಚಲ ಒಲೆಗೂ ಎಷ್ಟು ದೂರವಿದೆ ಎಂಬುದು ನನಗೆ ಗೊತ್ತಿದೆ, ಮತ್ತು ಅತ್ತಿಗೆಯವರು ಹಂಡೆಗೆ ಉರಿ ಹಾಕುವುದು ಅದೇ ಹೊತ್ತಿಗೆ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ. ಒಂದು ಬಕೆಟ್ ಒಣ ಮರಳನ್ನೂ, ಡ್ರೈ ಪೌಡರಿನ ಒಂದು ಸಣ್ಣ ಸಿಲಿಂಡರನ್ನೂ ಶೆಡ್ಡಿನ ಬಾಗಿಲ ಬಳಿಯೇ ಇಡು, ಒಳಗಿನ ಮೂಲೆಯಲ್ಲಿ ಅಲ್ಲ.

ನಾಲ್ಕಿಂಚಿನ ಗ್ರೈಂಡರ್ ಕೊಂಡಿದ್ದೀ ಎಂದು ತಿಳಿದೆ. ಅದರ ಡಿಸ್ಕು ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಒಡೆದರೆ ಚೂರುಗಳು ಮುಖದ ಕಡೆಗೇ ಬರಬಹುದಾದ್ದರಿಂದ ಅದಕ್ಕೆ ಗಾರ್ಡ್ ಕೊಟ್ಟಿದ್ದಾರೆ. ಮೂಲೆಗೆ ಹೋಗುವುದಿಲ್ಲ, ದೊಡ್ಡ ಡಿಸ್ಕು ಕೂಡುವುದಿಲ್ಲ ಎಂದು ಆ ಗಾರ್ಡ್ ಬಿಚ್ಚಿ ಎಸೆಯುವವರನ್ನು ನಾನು ಕಾರಿಗರರೆಂದು ಒಪ್ಪುವುದಿಲ್ಲ, ಅವರ ಕೈಚಳಕ ಎಷ್ಟೇ ಇರಲಿ. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುದ್ರಿಸಿರುತ್ತಾರೆ. ಅದು ಮುಗಿದ, ನೀರು ತಾಗಿದ, ಅಂಚು ಚಕ್ಕೆ ಎದ್ದ ಡಿಸ್ಕನ್ನು ಮುರಿದು ಕಸಕ್ಕೆ ಹಾಕು. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊ. ಕಿಡಿ ಮೇವಿನ ಬಣವೆಯ ಕಡೆಗೆ ಹಾರದಂತೆ ನಿಲ್ಲು. ಡ್ರಿಲ್ ಮಷೀನಿನ ಮುಂದೆ ಮಾತ್ರ ಕೈಗವಸು ಬೇಡ, ತಿರುಗುವ ಡ್ರಿಲ್ ಬಿಟ್ ಗವಸನ್ನು ಹಿಡಿದು ಕೈಯನ್ನೇ ಸುತ್ತಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ಗನ್ನು ಮೊದಲು ಬರಿಗೈಯಿಂದ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಿಡಿ; ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಲೇತಿನವರ ಬಾಗಿಲಿಗೆ ಹೋಗಬೇಕಾಗುತ್ತದೆ.

ಮನೆಯ ಮಾರುತಿ ಕಾರಿನ ಅಡಿಗೆ ಇಳಿದು ಸೈಲೆನ್ಸರ್ ನೋಡಿದ್ದೀ ಎಂದು ಹೇಳಿದ್ದೀಯಲ್ಲ, ಅದರಡಿ ಏನು ಕೊಟ್ಟಿದ್ದೆ ಎಂದು ಬರೆದಿಲ್ಲ. ಗಾಡಿಯ ಜೊತೆ ಬಂದ ಜಾಕು ಟೈರ್ ಬದಲಿಸುವುದಕ್ಕಷ್ಟೇ ಇರುವುದು. ಅದರಲ್ಲೂ ನಿಮ್ಮ ಹಿತ್ತಲು ಎರೆನೆಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತೆ ಕಂಡದ್ದು ಒಂದು ಮಳೆಗೆ ಮೆತ್ತಗಾಗಿ ಜಾಕನ್ನು ಒಂದು ಬದಿಗೆ ನುಂಗುತ್ತದೆ. ಜಾಕಿನ ಕೆಳಗೆ ದಪ್ಪ ಹಲಗೆ ಕೊಟ್ಟು, ಗಾಡಿಯನ್ನು ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆಯೇ ಅಡಿಗೆ ಹೋಗಬೇಕು. ಸಿಮೆಂಟಿನ ಪೊಳ್ಳು ಬ್ಲಾಕುಗಳನ್ನು ನಂಬಬೇಡ, ಅವು ಸೂಚನೆ ಕೊಡದೆ ಒಮ್ಮೆಲೇ ಒಡೆಯುತ್ತವೆ. ಖಂಡೇನವಮಿಯ ದಿನ ಗಾಲಿಗೆ ನಿಂಬೆಹಣ್ಣು ಇಡಲು ಮರೆಯದ ನಮ್ಮ ಜನ ಜಾಕ್ ಹಾಕುವಾಗ ಗಾಲಿಗೆ ಕಲ್ಲು ಕೊಡಲು ಮರೆಯುತ್ತಾರೆ ಎಂಬುದು ನನಗೆ ಪ್ರತಿವರ್ಷ ಆಶ್ಚರ್ಯದ ಸಂಗತಿ.

ಇಷ್ಟಾದರೂ ಗಾಯವಾಗುವುದುಂಟು. ತುಂಡಾದ ಬೆರಳನ್ನು ನೇರವಾಗಿ ಐಸಿನಲ್ಲಿ ಹಾಕಿ ಒಯ್ದರೆ ಮಾಂಸ ಕೆಟ್ಟುಹೋಗುತ್ತದೆ. ತುಂಡನ್ನು ಒದ್ದೆಯಾದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲೆ ಇಡಬೇಕು; ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿದು ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸುಟ್ಟರೆ ಇಪ್ಪತ್ತು ನಿಮಿಷ ನಳದ ತಣ್ಣೀರಿನ ಕೆಳಗೆ ಹಿಡಿ; ಅರಿಷಿಣ, ಟೂತ್‌ಪೇಸ್ಟ್ ಯಾವುದೂ ಬೇಡ. ಕಣ್ಣಿಗೆ ಲೋಹದ ಕಣ ಬಿದ್ದರೆ ಉಜ್ಜಬೇಡ, ಬೆಂಕಿಕಡ್ಡಿಗೆ ಅರಳೆ ಸುತ್ತಿ ತೆಗೆಯುತ್ತೇನೆ ಎಂದು ಬರುವ ಧೈರ್ಯವಂತರಿಗೆ ಕಣ್ಣು ಒಪ್ಪಿಸಬೇಡ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಿದವರಿಗೆ ನೋವು ಆಗಲೇ ಕಾಣಿಸದೆ, ಹಲವು ತಾಸುಗಳ ನಂತರ, ಹೆಚ್ಚಾಗಿ ನಡುರಾತ್ರಿಯಲ್ಲಿ ಕಣ್ಣಿಗೆ ಮರಳು ಹಾಕಿದಂತೆ ಏಳುತ್ತದೆ. ಹಾಗಾದರೆ ನೆರೆಹೊರೆಯವರ ಮದ್ದು ಮಾಡದೆ ಕಣ್ಣಿನ ಡಾಕ್ಟರ ಬಳಿ ಹೋಗು.

ನಿನ್ನ ಗೆಳೆಯನ ಗಾಯ ಮಾಯ್ದ ಮೇಲೆ ಅವನನ್ನು ಮತ್ತೆ ಶೆಡ್ಡಿಗೆ ಕರೆ. ‘ಬುದ್ಧಿ ಇಲ್ಲೇನು’ ಎಂದು ಎಲ್ಲರೂ ಅವನಿಗೆ ಈಗಾಗಲೇ ಹೇಳಿರುತ್ತಾರೆ, ನೀನು ಹೇಳುವುದು ಬೇಡ. ಚೈನಿನ ಕೆಲಸವನ್ನೇ ಅವನ ಕೈಯಲ್ಲಿ, ಇಂಜಿನ್ ಬಂದ್ ಇಟ್ಟು ಮಾಡಿಸು.

ದೀಪಾವಳಿಗೆ ಗದಗಿಗೆ ಬರುವಾಗ ನನ್ನಲ್ಲಿರುವ ಎರಡು ಸ್ಟ್ಯಾಂಡುಗಳನ್ನೂ ಸಣ್ಣ ಸಂದಿಗಳನ್ನು ಅಳೆಯುವ ಫೀಲರ್ ಗೇಜನ್ನೂ ತರುತ್ತೇನೆ. ಅಲ್ಲಿಯವರೆಗೆ ಮಾರುತಿಯ ಅಡಿಗೆ ಹೋಗಬೇಡ, ಟ್ಯಾಂಕನ್ನು ಯಾರಿಗೆ ಕೊಟ್ಟೆ ಎಂದು ಮರುಪತ್ರದಲ್ಲಿ ತಿಳಿಸು. ಅತ್ತಿಗೆಯವರಿಗೂ ಅಣ್ಣನಿಗೂ ನಮ್ಮ ನಮಸ್ಕಾರಗಳನ್ನು ಹೇಳು.

ಇಂತಿ ನಿನ್ನ
ಕಾಕಾ