ಲಗ್ಗೆರೆಗೆ ಬಂದ ಆ ಸಿಸ್ಟರ್‌ಗೆ

ಸಿಸ್ಟರ್, ನಿಮ್ಮ ಹೆಸರು ಕೇಳುವಷ್ಟರಲ್ಲಿ ಮೆಜೆಸ್ಟಿಕ್ ಬಸ್ ಹತ್ತಿಯಾಗಿತ್ತು. ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ: ತುಂಬಾ ಥ್ಯಾಂಕ್ಸ್.

ಓರಗೆಯವರಿಗೆ ಆರೋಗ್ಯದ ವಿಷಯ ತಿಳಿಸಿ ಹೇಳಲು ಲಗ್ಗೆರೆಯ ನಮ್ಮ ಹುಡುಗ ಹುಡುಗಿಯರಿಗೆ ತರಬೇತಿ ಇಟ್ಟುಕೊಂಡಿದ್ದೆವು. ಬರಬೇಕಿದ್ದ ತರಬೇತುದಾರರು ಬೆಳಿಗ್ಗೆ ಕೈಕೊಟ್ಟರು. ಯಾರದೋ ಫೋನಿಗೆ ಓಗೊಟ್ಟು, ನೈಟ್ ಡ್ಯೂಟಿ ಮುಗಿಸಿ ನೇರ ಬಂದವರು ನೀವು.

ಪ್ರೊಜೆಕ್ಟರ್ ಬೇಡ ಅಂದಿರಿ. (ಸದ್ಯ, ಅದು ಕೆಟ್ಟಿತ್ತು.) ಎಲ್ಲರಿಗೂ ಕೈ ತೊಳೆಸಿ, ಜೋಡಿಯಾಗಿ ಕೂರಿಸಿ, ಎದುರಿನವರ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡಲು ಹೇಳಿದಿರಿ. ಬಿಳಿಚಿಕೊಂಡಿದ್ದರೆ ರಕ್ತಹೀನತೆಯ ಅನುಮಾನ ಅಷ್ಟೇ, ಖಾತ್ರಿಗೆ ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದುದನ್ನು ಆಗ ಕೆಲವರು ಬಾಯಿಬಿಟ್ಟರು. ನೀವು ಬೈಯಲಿಲ್ಲ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಮ್ಲ. ಊಟದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಹಿಂದೆಯೇ ಕಾಫಿ, ಟೀ ಬೇಡ. ಮಲ ಕಪ್ಪಗಾದರೆ ಗಾಬರಿಯೂ ಬೇಡ. ಹಿಂದೆ ಕೂತವರು ಕಿಸಕ್ಕೆಂದರು, ಆದರೆ ಬರೆದುಕೊಂಡರು!

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರಿಗಾಗಿ ಇಂಥದ್ದೆಲ್ಲ ಇದೆಯೆಂದು ಓದಿದ್ದೆ. ಓದಿದ್ದೇ ಬೇರೆ, ನೀವು ಮಾಡಿಸಿದ್ದೇ ಬೇರೆ.

"ಗೆಳೆಯರ ಗುಟ್ಟು ಗುಟ್ಟಾಗಿಯೇ ಇರಲಿ. ಜೀವಕ್ಕೆ ಅಪಾಯ ಅನಿಸಿದರೆ ಮಾತ್ರ ದೊಡ್ಡವರಿಗೆ ಹೇಳಿ, ನೀವೇ ಡಾಕ್ಟರಾಗಬೇಡಿ" ಅಂದಿರಲ್ಲ, ನನಗೆ ಹಿಡಿಸಿದ್ದು ಅದು. ಬೋರ್ಡಿನ ಮೇಲೆ ಬರೆದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲೂ ಇವೆ.

ಆಟೋ ದುಡ್ಡೂ ಬೇಡ ಅಂದಿರಿ. ಮುಂದಿನ ತಂಡಕ್ಕೂ ದಯವಿಟ್ಟು ಬನ್ನಿ, ನಿದ್ದೆ ಮುಗಿಸಿಕೊಂಡೇ ಬನ್ನಿ. ಚಿತ್ರಾನ್ನ ನಮ್ಮ ಕಡೆಯಿಂದ.