ನೀನಿರುವ ನಾಡಿನ ರಾಜರ ದಾರಿ

ಹೊಸಪೇಟೆ

ಪ್ರೀತಿಯ ಪುಟ್ಟಿ,

ನಾವಿಬ್ಬರೂ ಸುಖವಾಗಿ ಊರು ಸೇರಿದೆವು. ಅಮ್ಮ ಬಂದ ಮರುದಿನವೇ ಗಿಡಗಳಿಗೆ ನೀರು, ಅಕ್ಕಪಕ್ಕದವರ ವಿಚಾರಣೆ ಅಂತ ಶುರು ಮಾಡಿದಳು. ನನ್ನ ತಲೆಯಲ್ಲಿ ಮಾತ್ರ ಇನ್ನೂ ಶುರಿ ಬೆಟ್ಟವೇ ತುಂಬಿಕೊಂಡಿದೆ. ನೀನು ಲ್ಯಾಬಿಗೆ ಹೋಗಬೇಕಾಗಿ ಬಂದ ದಿನ ನಮ್ಮಿಬ್ಬರನ್ನೇ ಆ ನಡಿಗೆಗೆ ಕಳಿಸಿದೆಯಲ್ಲ, ಅದರ ಬಗ್ಗೆ ರಾತ್ರಿ ಊಟಕ್ಕೆ ಕೂತಾಗ ಹೆಚ್ಚು ಹೇಳಲು ಆಗಲಿಲ್ಲ. ನಿನಗೆ ಸುಸ್ತಾಗಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಜಪಾನಿನ ಒಕಿನಾವಾ ದ್ವೀಪಕ್ಕೆ ಹೋದಾಗಿನಿಂದ ನೀನು ಓನ್ನಾದ ಕಡಲು, ಲ್ಯಾಬು, ಮನೆ ಇಷ್ಟರಲ್ಲೇ ಇದ್ದೀಯ. ಹಿಂದೆ ಆ ದ್ವೀಪಗಳನ್ನು ಆಳಿದ ರ್‍ಯೂಕ್ಯೂ ರಾಜರ ರಾಜಧಾನಿ ಶುರಿಗೆ ಇನ್ನೂ ಕಾಲಿಟ್ಟಿಲ್ಲ. ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ ಅಷ್ಟೆ. ನೀನು ಹೋಗಬೇಕು ಮಗಳೇ. ಅಲ್ಲಿಯೇ ಬೆಳೆದ ಒಬ್ಬರ ಜೊತೆ ನಡೆದು ನೋಡಬೇಕು.

ನಮಗೆ ಸಿಕ್ಕ ಗೈಡ್ ಅರವತ್ತು ದಾಟಿದ ಹೆಂಗಸು. ಶುರಿಯವರೇ. ಇಂಗ್ಲಿಷ್ ನಿಧಾನವಾಗಿ ಮಾತಾಡುತ್ತಿದ್ದರು, ಆದರೆ ಎಲ್ಲ ಅರ್ಥವಾಗುತ್ತಿತ್ತು. ಅವರ ಕೈಯಲ್ಲಿ ಹಳೆಯ ಫೋಟೋಗಳ ಒಂದು ಫೈಲ್ ಇತ್ತು. ಎಲ್ಲಿ ನಿಂತರೂ ಎರಡು ಫೋಟೋ ತೆಗೆಯುತ್ತಿದ್ದರು. ಒಂದು ಯುದ್ಧಕ್ಕೆ ಮೊದಲಿನದು, ಇನ್ನೊಂದು 1945ರದ್ದು. ಮೊದಲನೆಯದರಲ್ಲಿ ಬಾಗಿಲು, ಮರ, ಗೋಡೆ. ಎರಡನೆಯದರಲ್ಲಿ ಬರೀ ಕಲ್ಲುಪುಡಿ. ಅವರು ಜಾಸ್ತಿ ವಿವರಿಸಲಿಲ್ಲ. ಆ ಎರಡು ಫೋಟೋ ನೋಡಿ ಕತ್ತೆತ್ತಿದರೆ ಎದುರಿಗೆ ಮತ್ತೆ ಬಾಗಿಲು, ಮರ, ಗೋಡೆ. ಅಮ್ಮ ಒಂದು ಕಡೆ ಆ ಫೈಲನ್ನು ತಾನೇ ಇಸಿದುಕೊಂಡು ಬಹಳ ಹೊತ್ತು ನೋಡಿದಳು.

ಮೊದಲು ಹೋಗಿದ್ದು ತಮಾಉದುನ್‌ಗೆ. ಅದು ರಾಜಮನೆತನದ ಸಮಾಧಿ. 1501ರಲ್ಲಿ ಶೋ ಶಿನ್ ಎಂಬ ರಾಜ ತನ್ನ ತಂದೆಯ ಅಸ್ಥಿಗಳನ್ನು ಇಡಲು ಕಟ್ಟಿಸಿದ್ದು. ಹೊರಗೆ ಎರಡು ಸುತ್ತು ಕಲ್ಲುಗೋಡೆ, ಒಳಗಿನ ಅಂಗಳದ ತುಂಬ ಬಿಳಿ ಹವಳದ ಚೂರುಗಳು. ಎದುರಿಗೆ ಬಂಡೆಗೆ ಒತ್ತಿ ಕಟ್ಟಿದ ಮೂರು ಕೋಣೆ. ಯಾರಾದರೂ ತೀರಿಕೊಂಡರೆ ದೇಹವನ್ನು ಮೊದಲು ನಡುವಿನ ಕೋಣೆಯಲ್ಲಿ ಇಡುತ್ತಿದ್ದರು. ಕೆಲವು ವರ್ಷ ಕಳೆದ ಮೇಲೆ ಹೊರತೆಗೆದು ಮೂಳೆಗಳನ್ನು ತೊಳೆದು ಕುಂಭದಲ್ಲಿ ತುಂಬುತ್ತಿದ್ದರು. ರಾಜ ರಾಣಿಯರ ಕುಂಭ ಪೂರ್ವದ ಕೋಣೆಗೆ, ಉಳಿದವರದು ಪಶ್ಚಿಮದ ಕೋಣೆಗೆ. ಮೂಳೆ ತೊಳೆಯುವುದು ಅಂದಾಗ ಅಮ್ಮ ಸ್ವಲ್ಪ ಹಿಂದೆ ಸರಿದಳು. ಅದು ರಾಜರ ಮನೆಯಲ್ಲಿ ಮಾತ್ರ ಅಲ್ಲ, ದ್ವೀಪದ ಸಾಮಾನ್ಯ ಮನೆಗಳಲ್ಲೂ ಇದ್ದ ಪದ್ಧತಿ, ಬಹುಪಾಲು ಮನೆಯ ಹೆಂಗಸರೇ ಆ ಕೆಲಸ ಮಾಡುತ್ತಿದ್ದರು ಅಂತ ಗೈಡ್ ಹೇಳಿದರು. ಸತ್ತವರನ್ನು ಕೊನೆಯ ಸಲ ಕೈಯಾರೆ ಮುಟ್ಟಿ ಕಳಿಸಿಕೊಡುವ ಕೆಲಸ ಅದು. ಆಮೇಲೆ ಅಮ್ಮ ಗೋಡೆಯ ಹತ್ತಿರ ಹೋಗಿ ಕೈಮುಗಿದಳು.

ಅಂಗಳದಲ್ಲಿ ಒಂದು ಶಾಸನದ ಕಲ್ಲು ಇದೆ. ಇಲ್ಲಿ ಯಾರ್‍ಯಾರನ್ನು ಇಡಬಹುದು ಅಂತ ಹೆಸರು ಹಿಡಿದು ಕೆತ್ತಿದ್ದಾರೆ. ಅದನ್ನು ಮೀರಿದವರಿಗೆ ಶಾಪ. ನಮ್ಮ ಕಡೆಯ ದಾನಶಾಸನಗಳ ಕೊನೆಯ ಸಾಲು ನೆನಪಾಯಿತು. ಶೋ ಶಿನ್ 1477ರಿಂದ 1526ರವರೆಗೆ ಆಳಿದವನು. ನಮ್ಮ ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದು 1509ರಲ್ಲಿ. ಅಂದರೆ ಇಲ್ಲಿ ಹಂಪಿಯಲ್ಲಿ ಕೃಷ್ಣ ದೇವಸ್ಥಾನದ ಕೆಲಸ ನಡೆಯುತ್ತಿದ್ದ ಕಾಲಕ್ಕೆ ಅಲ್ಲಿ ಶೋ ಶಿನ್ ಬಾಗಿಲು ಕಟ್ಟಿಸುತ್ತಿದ್ದ, ದಾರಿ ಹಾಕಿಸುತ್ತಿದ್ದ. ಊರೂರಿನ ಪಾಳೇಗಾರರನ್ನು ಕರೆಸಿ ಶುರಿಯಲ್ಲೇ ಮನೆ ಮಾಡಿಸಿದ. ರ್‍ಯೂಕ್ಯೂ ಹಡಗುಗಳು ಚೀನಾ, ಕೊರಿಯಾ, ಸಯಾಂ, ಮಲಕ್ಕಾದವರೆಗೆ ಹೋಗುತ್ತಿದ್ದವು. ಮಲಕ್ಕಾಕ್ಕೆ ನಮ್ಮ ದೇಶದ ವ್ಯಾಪಾರಿಗಳೂ ಬರುತ್ತಿದ್ದರು. ಯಾವುದೋ ಬಂದರಿನ ಕಟ್ಟೆಯ ಮೇಲೆ ಇಬ್ಬರೂ ಎದುರಾಗಿರಬಹುದು ಅನ್ನುವ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಶುರೇಮೊನ್ ಬಾಗಿಲ ಹತ್ತಿರ ಜನ ಜಾಸ್ತಿ. 2000 ಯೆನ್ ನೋಟಿನ ಮೇಲಿರುವುದು ಅದೇ. ಯುದ್ಧದಲ್ಲಿ ಹೋಗಿ, 1958ರಲ್ಲಿ ಮತ್ತೆ ನಿಂತಿದ್ದು. ಎಲ್ಲರೂ ಅಲ್ಲಿ ಫೋಟೋ ತೆಗೆದು ಮುಂದೆ ಓಡುತ್ತಾರೆ. ಅದನ್ನು ದಾಟಿದ ಮೇಲೆ ಪಕ್ಕದಲ್ಲಿ ಒಂದು ಚಿಕ್ಕ ಕಲ್ಲಿನ ಬಾಗಿಲಿದೆ, ಅದನ್ನು ತಪ್ಪಿಸಬೇಡ. ಸೊನೊಹ್ಯಾನ್ ಉತಾಕಿ, 1519ರದ್ದು. ಅದರೊಳಗೆ ಯಾರೂ ದಾಟುವುದಿಲ್ಲ. ಹಿಂದೆ ಗುಡಿ ಇಲ್ಲ, ಮೂರ್ತಿ ಇಲ್ಲ. ಮರಗಳೇ ದೇವರ ಜಾಗ. ರಾಜ ದೂರ ಹೊರಟಾಗ ಇಲ್ಲಿ ನಿಂತು ಬೇಡಿಕೊಂಡು ಹೋಗುತ್ತಿದ್ದ. ಯುದ್ಧದಲ್ಲಿ ಒಡೆದುಹೋದ ಇದನ್ನು 1957ರಲ್ಲಿ ಮತ್ತೆ ನಿಲ್ಲಿಸಿದರು. ನಾವು ಇದ್ದಾಗಲೇ ಒಬ್ಬ ಹೆಂಗಸು ಬಂದು, ಬ್ಯಾಗ್ ಕೆಳಗಿಟ್ಟು, ಕೂತು ಕೈಮುಗಿದು ಎದ್ದು ಹೋದಳು. ಪ್ರವಾಸಿಗರ ಗುಂಪಿನ ನಡುವೆ. ಅದು ಈಗಲೂ ನಡೆಯುತ್ತಿರುವ ಜಾಗ ಪುಟ್ಟಿ.

ಇನ್ನು ಅರಮನೆಯ ಸುತ್ತಲಿನ ಕೋಟೆಗೋಡೆಗಳು. ವರ್ಷಗಟ್ಟಲೆ ಕಾಲುವೆಗೆ ಕಲ್ಲು ಕಟ್ಟಿಸಿದವನು ನಾನು, ಗೋಡೆ ಕಂಡರೆ ಮುಟ್ಟದೆ ಇರಲಾರೆ. ಶುರಿಯದು ಹವಳದಿಂದ ಆದ ಸುಣ್ಣಕಲ್ಲು. ನಮ್ಮ ಕಣಶಿಲೆಯ ಮುಂದೆ ಮೆತ್ತಗೆ, ತುಂಬ ಸಣ್ಣ ಸಣ್ಣ ರಂಧ್ರ. ಮೆತ್ತಗಿರುವುದರಿಂದಲೇ ಬೇಕಾದ ಹಾಗೆ ಕೆತ್ತಲು ಬರುತ್ತದೆ. ಒಂದು ಕಲ್ಲಿನ ಮೂಲೆ ಇನ್ನೊಂದರ ಸಂದಿಗೆ ಕೂರುವಂತೆ ಕಡಿದು, ಗಾರೆ ಇಲ್ಲದೆ ಜೋಡಿಸಿದ್ದಾರೆ. ಹಂಪಿಯ ಕೋಟೆಗೋಡೆಗಳಲ್ಲೂ ಗಾರೆ ಇಲ್ಲ, ನಿನಗೆ ಚಿಕ್ಕವಳಿದ್ದಾಗ ತೋರಿಸಿದ್ದೆ. ಆದರೆ ಶುರಿಯ ಗೋಡೆ ನೇರ ಹೋಗುವುದಿಲ್ಲ. ಬೆಟ್ಟದ ಬಾಗಿಗೆ ತಕ್ಕ ಹಾಗೆ ಬಳುಕುತ್ತಾ ಹೋಗುತ್ತದೆ. ಮೂಲೆಯ ತುದಿಗೆ ಬಂದಾಗ ಒಂದು ಕಲ್ಲನ್ನು ಚೂಪಾಗಿ ಮೇಲಕ್ಕೆ ಎತ್ತಿರುತ್ತಾರೆ. ಕೆಲವು ಕಡೆ ಬುಡದ ಸಾಲುಗಳು ಹಳೆಯವು, ಮೇಲಿನವು ಹೊಸವು. ಆ ಗೆರೆಯನ್ನು ಗೈಡ್ ಬೆರಳಿಟ್ಟು ತೋರಿಸಿದರು. ನಾನೊಬ್ಬನೇ ಹೋಗಿದ್ದರೆ ನನಗೆ ಕಾಣುತ್ತಿರಲಿಲ್ಲ.

ಮುಖ್ಯ ಅರಮನೆ ಸೇದೆನ್ 2019ರ ಅಕ್ಟೋಬರ್ 31ರ ಬೆಳಗಿನ ಜಾವ ಸುಟ್ಟುಹೋಯಿತು. ಆಗ ನೀನಿನ್ನೂ ಇಲ್ಲೇ ಓದುತ್ತಿದ್ದೆ. ಸೇದೆನ್ ಸುಟ್ಟಿದ್ದು ಅದೇ ಮೊದಲಲ್ಲ. 1453ರಲ್ಲಿ ಗದ್ದುಗೆಯ ಜಗಳದಲ್ಲಿ ಸುಟ್ಟಿತು. 1660ರಲ್ಲಿ, 1709ರಲ್ಲಿ ಮತ್ತೆ. 1945ರಲ್ಲಿ ಜಪಾನಿ ಸೈನ್ಯ ಆ ಬೆಟ್ಟದ ಕೆಳಗೆ ಸುರಂಗ ಕೊರೆದು ತನ್ನ ಮುಖ್ಯ ಠಾಣೆ ಮಾಡಿಕೊಂಡಿತ್ತು. ಅದಕ್ಕೇ ಅಮೆರಿಕದ ಫಿರಂಗಿಗಳು ಇಡೀ ಬೆಟ್ಟವನ್ನು ನುಣ್ಣಗೆ ಮಾಡಿದವು. ಒಕಿನಾವಾದ ಆ ಯುದ್ಧದಲ್ಲಿ ಸತ್ತವರು ಎರಡು ಲಕ್ಷಕ್ಕೂ ಹೆಚ್ಚು. ಆಮೇಲೆ ಆ ಜಾಗದಲ್ಲಿ ಒಂದು ವಿಶ್ವವಿದ್ಯಾಲಯ ಬಂತು. ಅದು ಬೇರೆ ಕಡೆ ಹೋದ ಮೇಲೆ ಕೆಲಸ ಹಿಡಿದು, 1992ರಲ್ಲಿ ಅರಮನೆ ಮತ್ತೆ ನಿಂತಿತು.

ಏನೂ ಉಳಿದಿಲ್ಲದ ಮೇಲೆ ಅದನ್ನು ಹಾಗೇ ಕಟ್ಟಿದ್ದು ಹೇಗೆ? ನಾನು ಕೇಳಿಯೇ ಬಿಟ್ಟೆ. ಆಗ ಗೈಡ್ ಒಬ್ಬ ಮನುಷ್ಯನ ಕಥೆ ಹೇಳಿದರು. ಕಾಮಾಕುರಾ ಯೋಶಿತಾರೋ ಅಂತ. ಹೊರಗಿನಿಂದ ಚಿತ್ರಕಲೆಯ ಮೇಷ್ಟ್ರಾಗಿ ಒಕಿನಾವಾಕ್ಕೆ ಬಂದವನು. ರಾಜ್ಯ ಹೋಗಿ, ಹಾಳುಬಿದ್ದಿದ್ದ ಅರಮನೆಯನ್ನು ಕೆಡವಲು ಹೊರಟಿದ್ದರು. 1924ರಲ್ಲಿ ಆ ಸುದ್ದಿ ಪೇಪರಿನಲ್ಲಿ ಓದಿ ಈತ ವಾಸ್ತುಶಿಲ್ಪದ ದೊಡ್ಡ ವಿದ್ವಾಂಸ ಇತೋ ಚೂತಾ ಹತ್ತಿರ ಓಡಿದ. ಕೆಡವುವುದು ನಿಂತಿತು. ಆಮೇಲೆ ಇವನು ವರ್ಷಗಟ್ಟಲೆ ಅಲ್ಲಿಯ ಕಟ್ಟಡ, ಬಟ್ಟೆ, ಪಾತ್ರೆ, ಹಳೆಯ ಕಾಗದಪತ್ರ ಎಲ್ಲವನ್ನೂ ನೋಟ್‌ಬುಕ್ಕುಗಳಲ್ಲಿ ಬರೆದ, ಚಿತ್ರ ಬಿಡಿಸಿದ, ಫೋಟೋ ತೆಗೆದ. ಇಪ್ಪತ್ತು ವರ್ಷದಲ್ಲಿ ಅದೆಲ್ಲ ಬೂದಿಯಾಗುತ್ತದೆ ಅಂತ ಅವನಿಗೇನು ಗೊತ್ತಿತ್ತು? ಆ ನೋಟ್‌ಬುಕ್ಕು, ಆ ಫೋಟೋ, ದುರಸ್ತಿ ಮಾಡಿದಾಗಿನ ನಕ್ಷೆಗಳು, ಹಳಬರ ನೆನಪು, ಇಷ್ಟನ್ನು ಇಟ್ಟುಕೊಂಡು ಕಟ್ಟಿದ್ದಾರೆ. ಒಬ್ಬನ ಶ್ರದ್ಧೆ ಇಷ್ಟು ಜನರ ಕೈಗೆ ದಾರಿಯಾಯಿತು. ಅಲ್ಲೇ ನಿಂತು ಆ ಹೆಸರನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ.

ನಾವು ಹೋದಾಗ ದೊಡ್ಡ ಶೆಡ್ಡಿನೊಳಗೆ ಮರಗೆಲಸ ನಡೆಯುತ್ತಿತ್ತು. ಜನ ನೋಡಲಿ ಅಂತಲೇ ಕಿಟಕಿ ಇಟ್ಟಿದ್ದರು. ಬಡಗಿಗಳು ತೊಲೆಗಳನ್ನು ಕೂರಿಸುವುದನ್ನು ಸುಮ್ನೆ ನೋಡುತ್ತಾ ನಿಂತುಬಿಟ್ಟೆ. ಅಮ್ಮನೇ ಕೈ ಹಿಡಿದು ಎಳೆದುಕೊಂಡು ಹೋದಳು. 2026ರ ಶರತ್ಕಾಲಕ್ಕೆ ಮುಗಿಸುವ ಗುರಿ ಅಂತೆ. ಬೆಂಕಿಯಲ್ಲಿ ಒಡೆದ ಕೆಂಪು ಹೆಂಚುಗಳನ್ನು ಪುಡಿ ಮಾಡಿ ಹೊಸ ಹೆಂಚಿನ ಮಣ್ಣಿಗೆ ಬೆರೆಸಿದ್ದಾರೆ. ಉಳಿದ ಹೆಂಚಿಗೆ ಅಂಟಿದ್ದ ಗಾರೆಯನ್ನು ಕೆರೆದು ಬಿಡಿಸಿದ್ದು ಊರಿನ ಜನ, ಸ್ವಂತ ಇಷ್ಟದಿಂದ ಬಂದವರು. ಯುನೆಸ್ಕೋ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಮರದ ಅರಮನೆಯನ್ನಲ್ಲ, ಅದರ ಕೆಳಗಿರುವ ಹಳೆಯ ಕಲ್ಲಿನ ಬುನಾದಿಯನ್ನು. ಬೆಂಕಿಗೆ ಅದನ್ನು ಮುಗಿಸಲು ಆಗಲಿಲ್ಲ.

ಇನ್ನೊಂದು ವಿಷಯ ನಿನಗಾಗಿಯೇ. ಸೇದೆನ್‌ನ ಕೆಂಪು ಬಣ್ಣ ಎಲ್ಲಿಂದ ಬರುತ್ತಿತ್ತು ಅಂತ ಹಳೆಯ ದಾಖಲೆ ಹುಡುಕಿದಾಗ, ದ್ವೀಪದ ಉತ್ತರದ ಕುಶಿ ಎಂಬ ಕಡೆಯ ಹೆಸರು ಸಿಕ್ಕಿತಂತೆ. ಈಗ ಅದು ನಾಗೋ ಊರಿಗೆ ಸೇರಿದೆ. ಅಲ್ಲಿಯ ನೀರಿನಲ್ಲಿ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳು ಕಟ್ಟುವ ತುಕ್ಕಿನಿಂದ ಆ ಕೆಂಪು ಪುಡಿ ಆಗುತ್ತದೆ. ಈ ಸಲ ಅದನ್ನೇ ತಯಾರಿಸಿ ಬಳಿದಿದ್ದಾರೆ. ರಾಜನ ಅರಮನೆಗೆ ಬಣ್ಣ ಕೊಟ್ಟಿದ್ದು ನೀನು ದಿನಾ ಮೈಕ್ರೋಸ್ಕೋಪಿನಲ್ಲಿ ನೋಡುವಂಥ ಜೀವಿಗಳು! ಅದನ್ನು ಕೇಳಿದ ತಕ್ಷಣ ನಿನ್ನನ್ನು ಕರೆಯಬೇಕು ಅನ್ನಿಸಿತು. ನೀನಿದ್ದಿದ್ದರೆ ಗೈಡ್‌ಗೆ ಎಷ್ಟು ಪ್ರಶ್ನೆ ಕೇಳುತ್ತಿದ್ದೆಯೋ.

ಕೋಟೆಯೊಳಗೆ ಕ್ಯೋನೊಉಚಿ ಎಂಬ ಮರಗಳ ಜಾಗವಿದೆ. ಅಲ್ಲಿ ಪೂಜೆ ಮಾಡುತ್ತಿದ್ದವರು ಹೆಂಗಸರು. ರ್‍ಯೂಕ್ಯೂ ರಾಜ್ಯದಲ್ಲಿ ಆಳುವುದು ರಾಜನ ಕೆಲಸವಾದರೆ, ದೇವರ ಹತ್ತಿರ ಮಾತಾಡುವುದು ಅವನ ಅಕ್ಕ ತಂಗಿಯರ ಕೆಲಸ. ಎಲ್ಲರಿಗಿಂತ ದೊಡ್ಡವಳು ಕಿಕೊಎ ಒಗಿಮಿ. ಶೋ ಶಿನ್ ತನ್ನ ತಂಗಿಯನ್ನೇ ಮೊದಲು ಆ ಪೀಠಕ್ಕೆ ಕೂರಿಸಿದ. ಅವಳ ಪಟ್ಟಾಭಿಷೇಕ ನಡೆಯುತ್ತಿದ್ದ ಸೇಫಾ ಉತಾಕಿ ದ್ವೀಪದ ದಕ್ಷಿಣದಲ್ಲಿದೆ. ಅಲ್ಲಿಗೆ ಗಂಡಸರು ಕಾಲಿಡುವಂತಿರಲಿಲ್ಲ. ನಮಗೆ ಅಲ್ಲಿಗೆ ಹೋಗಲು ಆಗಲಿಲ್ಲ. ಮುಂದಿನ ಸಲ ನೀನೇ ಅಮ್ಮನನ್ನು ಕರೆದುಕೊಂಡು ಹೋಗು. ಅವಳು ಈಗಿನಿಂದಲೇ ಕೇಳುತ್ತಿದ್ದಾಳೆ.

ಕೊನೆಗೆ ಕಿಂಜೋ ಊರಿನ ಕಲ್ಲುದಾರಿ ಇಳಿದೆವು. ಶುರಿಯಿಂದ ನಾಹಾ ಬಂದರಿನ ಕಡೆ ಹೋಗುತ್ತಿದ್ದ ರಾಜಮಾರ್ಗ, 1522ರಲ್ಲಿ ಶುರುವಾದದ್ದು. ಈಗ ಒಂದು ತುಂಡು ಮಾತ್ರ ಉಳಿದಿದೆ. ಬಹಳ ಇಳಿಜಾರು, ಕಲ್ಲುಗಳು ಸವೆದು ನುಣುಪಾಗಿವೆ. ನನ್ನ ಮೊಣಕಾಲಿಗೆ ಕಷ್ಟವಾಯಿತು, ಆದರೂ ಬಿಡಲು ಮನಸ್ಸಾಗಲಿಲ್ಲ. ಎರಡೂ ಕಡೆ ಕೆಂಪು ಹೆಂಚಿನ ಮನೆಗಳು, ಹಳೆಯ ನೀರಿನ ಚಿಲುಮೆ. ದಾರಿಯಿಂದ ಒಂಚೂರು ಒಳಗೆ ಹೋದರೆ ಅಕಾಗಿ ಮರಗಳು. 200 ವರ್ಷ ಮೀರಿದವು. ಶುರಿಯ ಸುತ್ತ ಇಂಥ ಮರ ಎಷ್ಟೋ ಇದ್ದವು, ಯುದ್ಧದಲ್ಲಿ ಹೋದವು, ಇಲ್ಲಿಯವು ಉಳಿದವು. ಕೆಳಗೆ ಒಂದು ಊರಮನೆ ಇದೆ, ಯಾರು ಬೇಕಾದರೂ ಚಾಪೆಯ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಅಲ್ಲಿ ಗೈಡ್ ತಮ್ಮ ಫ್ಲಾಸ್ಕಿನಿಂದ ಮಲ್ಲಿಗೆ ಘಮದ ಟೀ ಕೊಟ್ಟರು.

ಅಲ್ಲಿ ಕೂತಾಗ ಅವರು ಹೇಳಿದ ಮಾತು ನನ್ನ ಎದೆಗೆ ತಾಗಿತು. 1609ರಲ್ಲಿ ಜಪಾನಿನ ಸತ್ಸುಮಾ ಸಂಸ್ಥಾನದವರು ದಂಡೆತ್ತಿ ಬಂದು ರಾಜನನ್ನೇ ಹಿಡಿದುಕೊಂಡು ಹೋದರು. 1879ರಲ್ಲಿ ಜಪಾನ್ ರಾಜ್ಯವನ್ನೇ ಮುಗಿಸಿ, ಕೊನೆಯ ರಾಜ ಶೋ ತಾಯ್‌ನನ್ನು ಟೋಕಿಯೋಕ್ಕೆ ಕರೆಸಿಕೊಂಡಿತು. 1901ರಲ್ಲಿ ಅವನು ತೀರಿಕೊಂಡ ಮೇಲೆ ತಮಾಉದುನ್‌ಗೆ ತಂದರು. ಆಮೇಲೆ ಶಾಲೆಗಳಲ್ಲಿ ತಮ್ಮ ಮನೆಮಾತು ಆಡಿದ ಮಕ್ಕಳ ಕೊರಳಿಗೆ ಒಂದು ಹಲಗೆ ನೇತುಹಾಕುತ್ತಿದ್ದರು. ಗೈಡ್‌ನ ತಾಯಿಯೂ ಅದನ್ನು ಹಾಕಿಕೊಂಡವರು. ಅದಕ್ಕೇ ಆ ತಾಯಿ ಮಕ್ಕಳ ಹತ್ತಿರ ಆ ಮಾತು ಆಡಲೇ ಇಲ್ಲವಂತೆ. ಇವರು ಈಗ ಈ ವಯಸ್ಸಿನಲ್ಲಿ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದಾರೆ. ಇಂಥದ್ದನ್ನು ಯಾವ ಬೋರ್ಡಿನ ಮೇಲೂ ಬರೆದಿರುವುದಿಲ್ಲ, ಅಲ್ವಾ? ಅದಕ್ಕೇ ಜೊತೆಗೆ ಅಲ್ಲಿಯವರು ಬೇಕು ಅಂತ ಇಷ್ಟು ಹೇಳುತ್ತಿರುವುದು. ನೀನು ಆ ನೆಲದಲ್ಲಿ ಅನ್ನ ತಿನ್ನುತ್ತಿದ್ದೀಯ, ಆ ಕಡಲಿನ ಮೇಲೆ ಕೆಲಸ ಮಾಡಿ ಹೆಸರು ಮಾಡುತ್ತೀಯ. ಅಲ್ಲಿಯ ಜನ ಏನೇನು ದಾಟಿ ಬಂದಿದ್ದಾರೆ ಅಂತ ನಿನಗೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಬೇಸಿಗೆಗೆ ಮೊದಲೇ ಹೋಗು, ಆಮೇಲೆ ಬಿಸಿಲು ತಡೆಯುವುದಿಲ್ಲ. ಬೆಳಗಿನ ನಡಿಗೆಗೆ ಹೆಸರು ಕೊಡು. ಕಾರನ್ನು ಮನೆಯಲ್ಲೇ ಬಿಡು, ಬಸ್ಸಿನಲ್ಲಿ ನಾಹಾಗೆ ಬಂದು ಮೊನೊರೈಲ್ ಹಿಡಿದರೆ ಶುರಿಯವರೆಗೆ ಬಿಡುತ್ತದೆ. ಕಾಲಿಗೆ ಜಾರದ ಶೂ ಹಾಕು, ಮಳೆ ಬಂದರೆ ಕಿಂಜೋ ದಾರಿಗೆ ಇಳಿಯಬೇಡ. ಸಮಯ ಉಳಿದರೆ ಶಿಕಿನಾಯೆನ್ ತೋಟವನ್ನೂ ನೋಡಿ ಬಾ. ಚೀನಾದ ರಾಯಭಾರಿಗಳನ್ನು ಸತ್ಕರಿಸಲು 1799ರಲ್ಲಿ ಕಟ್ಟಿದ್ದು. ಆಮೇಲೆ ಆ ಕುಶಿಯ ಕೆಂಪು ಪುಡಿಯ ಬಗ್ಗೆ ನಿಮ್ಮ ಲ್ಯಾಬಿನಲ್ಲಿ ಯಾರಿಗಾದರೂ ಗೊತ್ತಿದೆಯಾ ಕೇಳಿ ನನಗೆ ಬರಿ. ಆ ಬ್ಯಾಕ್ಟೀರಿಯಾ ನೀರಿನಿಂದ ಕಬ್ಬಿಣ ಹೇಗೆ ಹಿಡಿಯುತ್ತದೆ ಅನ್ನುವುದು ನನಗೆ ಸರಿಯಾಗಿ ತಲೆಗೆ ಹೋಗಿಲ್ಲ. ಬಿಡಿಸಿ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಪ್ಪ