ಮೊದಲ ಜೊತೆ ಅಜ್ಜಿಯ ಕಾಲಿಗೆ

ಚಿತ್ರದುರ್ಗ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಉಲ್ಲನ್ ಸ್ಲಿಪ್ಪರ್ ಹೆಣೆಯುವುದನ್ನು ಕಲಿತು, ಈ ಚಳಿಗಾಲದಲ್ಲೇ ನಾಲ್ಕು ಕಾಸು ಸಂಪಾದಿಸಬೇಕೆಂದು ಹೊರಟಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಚೌಕಿಪೇಟೆಯಲ್ಲಿ ಏಳೆಂಟು ಬಣ್ಣದ ದಾರವನ್ನೂ ನೋಡಿಟ್ಟು ಬಂದಿದ್ದೀಯಂತೆ. ಕಲಿಯುವ ಆಸೆಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಮಾರಾಟದ ಮಾತನ್ನು ಮಾತ್ರ ಸದ್ಯಕ್ಕೆ ಬದಿಗಿಡು. ಮೊದಲ ಜೊತೆಯನ್ನು ನಿಮ್ಮ ಮನೆಯಲ್ಲೇ ಇರುವ ಅಜ್ಜಿಗೆ ಹೆಣೆ. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ಎದ್ದು ಟೈಲ್ಸ್ ನೆಲದ ಮೇಲೆ ಓಡಾಡುವವರು ಅವರೇ. ಒಂದು ತಿಂಗಳು ಹಾಕಿಕೊಳ್ಳಲಿ. ಎಲ್ಲಿ ಸಡಿಲವಾಯಿತು, ಎಲ್ಲಿ ಸವೆಯಿತು, ಎಲ್ಲಿ ಒತ್ತಿತು ಎಂಬುದನ್ನು ಕಣ್ಣಾರೆ ನೋಡು. ಕಂಡವರ ಕಾಲಿನ ಯೋಚನೆ ಆಮೇಲೆ.

ಕಲಿಯಲು ಸ್ಲಿಪ್ಪರನ್ನೇ ಆರಿಸಿಕೊಂಡದ್ದು ಒಳ್ಳೆಯದಾಯಿತು. ಸ್ವೆಟರ್ ಎಂದರೆ ತೋಳು, ಕುತ್ತಿಗೆ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ, ಹೊಸಬರು ಅರ್ಧಕ್ಕೆ ಬಿಟ್ಟು ಮೂಲೆಗೆ ಹಾಕುತ್ತಾರೆ. ಇದಕ್ಕೆ ಆಯತಾಕಾರದ ಒಂದು ತುಂಡು ಹೆಣೆಯಲು ಬಂದರೆ ಸಾಕು.

ನಿಮ್ಮಪ್ಪ ಚಳ್ಳಕೆರೆ ಕಡೆಯಿಂದ ಕುರಿ ಉಣ್ಣೆ ತರಿಸಿಕೊಡುತ್ತೇನೆ ಎಂದರಂತೆ. ಬೇಡವೆನ್ನು. ನಮ್ಮ ಸೀಮೆಯ ದಖ್ಖನಿ ಕುರಿಯ ಉಣ್ಣೆ ಒರಟು. ಅದನ್ನು ಕೈಯಲ್ಲಿ ನೂತು, ಹುಣಸೆ ಬೀಜದ ಗಂಜಿ ಕೊಟ್ಟು ಮಗ್ಗಕ್ಕೆ ಏರಿಸಿದರೆ ಗಟ್ಟಿ ಕಂಬಳಿಯಾಗುತ್ತದೆ, ಮಳೆಗೂ ಗಾಳಿಗೂ ಅದನ್ನು ಮೀರಿಸಿದ ಹೊದಿಕೆ ಇಲ್ಲ. ಆದರೆ ಬರಿಗಾಲಿಗೆ ಅದು ಚುಚ್ಚುತ್ತದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರವೇ, ನಿನಗೆ ಅದೇ ಸಾಕು. ಮೆತ್ತಗಿರುತ್ತದೆ, ಒಗೆದರೂ ಕುಗ್ಗುವುದಿಲ್ಲ. ಅನುಮಾನವಿದ್ದರೆ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ, ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾಗುತ್ತದೆ. ಆ ಕಾರಣಕ್ಕೇ, ಈ ಸ್ಲಿಪ್ಪರ್ ಹಾಕಿಕೊಂಡು ನೀರೊಲೆಯ ಮುಂದೆ ಕೂರಬಾರದೆಂದು ಅಜ್ಜಿಗೆ ತಿಳಿಸಿ ಹೇಳು.

ಏಳೆಂಟು ಬಣ್ಣ ಬೇಡ. ತಿಳಿ ಬಣ್ಣದ್ದು ಒಂದೇ 150 ಗ್ರಾಂ ತೆಗೆದುಕೊ, ಕಪ್ಪು ದಾರದಲ್ಲಿ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಉಂಡೆಗಳ ಚೀಟಿಯಲ್ಲೂ ಲಾಟ್ ನಂಬರು ಒಂದೇ ಇರಬೇಕು, ಇಲ್ಲದಿದ್ದರೆ ಎಡಗಾಲಿಗೂ ಬಲಗಾಲಿಗೂ ಬಣ್ಣ ಹೊಂದುವುದಿಲ್ಲ. ದಾರವನ್ನು ಜೋಡಿ ಎಳೆ ಮಾಡಿ, 6ನೇ ನಂಬರಿನ ಕಡ್ಡಿಯಲ್ಲಿ ಹೆಣೆ, ಅಂದರೆ 5 ಮಿ.ಮೀ. ದಪ್ಪದ್ದು. ಅಂಗಡಿಯ ಹಳೆಯ ನಂಬರಿನಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ತೆಳುವಾಗುತ್ತದೆ. 12 ದಪ್ಪವಿರಬೇಕೆಂದುಕೊಂಡು ಅದನ್ನು ತರಬೇಡ.

ಅಳತೆಯಲ್ಲಿ ಅವಸರ ಮಾಡಬೇಡ, ಉಳಿದದ್ದೆಲ್ಲ ನಿಂತಿರುವುದು ಅದರ ಮೇಲೆ. ವಯಸ್ಸಾದವರ ಪಾದ ಸಂಜೆಯ ಹೊತ್ತಿಗೆ ಕೊಂಚ ಊದಿಕೊಳ್ಳುತ್ತದೆ, ಆಗಲೇ ಟೇಪು ಹಿಡಿ. ಉದ್ದವನ್ನೂ, ಪಾದ ಅಗಲವಾಗಿರುವಲ್ಲಿ ಸುತ್ತಳತೆಯನ್ನೂ ಬರೆದುಕೊ. ಆಮೇಲೆ ಅಂಗೈಯಷ್ಟು ತುಂಡು ಹೆಣೆದು, ಒಂದು ಇಂಚಿಗೆ ಎಷ್ಟು ಕುಣಿಕೆ ಬರುತ್ತದೆ ಎಂದು ಎಣಿಸು. ಇಂಚಿಗೆ 4 ಬಂದು, ಸುತ್ತಳತೆ 9 ಇಂಚು ಇದ್ದರೆ 36 ಆಗಬೇಕು. ಹೆಣಿಗೆ ಹಿಗ್ಗುವುದರಿಂದ ಒಂದು ಇಂಚು ಬಿಟ್ಟು 32 ಹಾಕು. ಉದ್ದದಲ್ಲೂ ಅರ್ಧ ಇಂಚು ಕಡಿಮೆಯಿರಲಿ.

ಹಿಮ್ಮಡಿಯಿಂದ ಶುರು ಮಾಡಿ ಎಲ್ಲಾ ಸಾಲನ್ನೂ ಸೀದಾ, ಅಂದರೆ ದಾರವನ್ನು ಕಡ್ಡಿಯ ಹಿಂದೆ ಇಟ್ಟುಕೊಂಡು, ಹಾಕುತ್ತಾ ಹೋಗು. ಪ್ರತಿ ಎರಡು ಸಾಲಿಗೆ ಒಂದು ಏಣು ಏಳುತ್ತದೆ. ಆ ಏಣುಗಳನ್ನು ಎಣಿಸಿ ಬರೆದಿಟ್ಟುಕೊಂಡರೆ ಎರಡನೆಯದು ಮೊದಲನೆಯದರ ಅಳತೆಗೇ ಬರುತ್ತದೆ. ಕೆಲವು ಸಾಲಾದ ಮೇಲೆ 32 ಇದ್ದದ್ದು 35 ಆದರೆ ಗಾಬರಿಯಾಗಬೇಡ. ಸಾಲು ತಿರುಗಿಸುವಾಗ ದಾರ ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಎರಡು ಕಾಲು ಬಿಟ್ಟು, ಎರಡು ಕುಣಿಕೆಯಂತೆ ಕಾಣುತ್ತದೆ. ಹೊಸಬರು ಎರಡನ್ನೂ ಹೆಣೆದುಬಿಡುತ್ತಾರೆ. ದಾರವನ್ನು ಕೆಳಗಿನಿಂದ ತಂದು ಆಮೇಲೆ ಕಡ್ಡಿ ತೂರಿಸು. ಬಿಗಿಯಾಗಿ ಎಳೆಯಲೂ ಬೇಡ, ಕುಣಿಕೆ ಕಡ್ಡಿಯ ಮೇಲೆ ಸಲೀಸಾಗಿ ಜಾರಬೇಕು.

ತುದಿಗೆ ಇನ್ನು ಎರಡು ಇಂಚು ಉಳಿದಾಗ ಪ್ರತಿ ಸಾಲಿನಲ್ಲೂ ಒಂದು ಕುಣಿಕೆ ಸೀದಾ, ಮುಂದಿನದು ಉಲ್ಟಾ (ದಾರ ಮುಂದೆ ತಂದು) ಹಾಕುತ್ತಾ ಹೋಗು, ಬೆರಳಿನ ಭಾಗ ಹಿಡಿದು ಕೂರುತ್ತದೆ. ಕೊನೆಗೆ ಎರಡೆರಡನ್ನು ಸೇರಿಸಿ ಹೆಣೆದರೆ 16 ಉಳಿಯುತ್ತವೆ. ದಪ್ಪ ಸೂಜಿಯಲ್ಲಿ ದಾರವನ್ನು ಅಷ್ಟರೊಳಗೂ ಹಾಯಿಸಿ, ಚೀಲದ ಬಾಯಿಯಂತೆ ಬಿಗಿದು ಗಂಟು ಹಾಕು. ಮೇಲ್ಭಾಗವನ್ನು ಆ ಎರಡು ಇಂಚು, ಜೊತೆಗೆ ಇನ್ನೊಂದು ಇಂಚಿನವರೆಗೆ ಹೊಲಿ. ಹಿಮ್ಮಡಿಯನ್ನು ಬರೀ ಮಡಚಿ ಹೊಲಿದರೆ ಕೆಳಗೆ ಮೂತಿ ಬರುತ್ತದೆ. ಅದಕ್ಕೆ ನಡುವಿನ ಎಂಟು ಕುಣಿಕೆಗಳನ್ನು ಮೊದಲು ಸುಕ್ಕುಹಿಡಿಸಿ ಎಳೆದು, ಉಳಿದದ್ದನ್ನು ಮೇಲಕ್ಕೆ ಹೊಲಿದುಕೊಂಡು ಹೋಗು.

ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದನ್ನು ಮರೆಯಬೇಡ. ಅಂಥವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದೆಂದು ವೈದ್ಯರು ಹೇಳುತ್ತಾರೆ. ಆದರೆ ಪಾದಕ್ಕೆ ಜೋಮು ಹಿಡಿದಿದ್ದರೆ ಒಳಗಿನ ಗಂಟು ಒತ್ತಿ ಹುಣ್ಣಾದರೂ ಅವರಿಗೆ ಗೊತ್ತಾಗುವುದಿಲ್ಲ. ಅಂಚುಗಳನ್ನು ಒಂದರ ಮೇಲೊಂದು ಇಡದೆ ಪಕ್ಕಪಕ್ಕಕ್ಕೆ ಜೋಡಿಸಿ ಹೊಲಿ. ಗಂಟುಗಳೆಲ್ಲ ಹೊರಗಿರಲಿ. ಸಂಜೆ ಸ್ಲಿಪ್ಪರ್ ಬಿಚ್ಚಿದ ಮೇಲೆ ಪಾದವನ್ನು ನೀನೇ ಒಮ್ಮೆ ನೋಡು.

ಇನ್ನು ಜಾರುವ ವಿಷಯ. ನುಣುಪು ಟೈಲ್ಸ್ ಮೇಲೆ ಬರೀ ಉಲ್ಲನ್ ಬಹಳ ಅಪಾಯ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿದಂತೆಯೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಅಂಟನ್ನು ಅಡಿಭಾಗಕ್ಕೆ ಸಾಲಾಗಿ ಚುಕ್ಕೆ ಇಟ್ಟು, ಒಂದು ದಿನ ಪೂರ್ತಿ ಒಣಗಲು ಬಿಡು. ಮೊದಲು ನೀನು ಹಾಕಿಕೊಂಡು ನಡೆದು ನೋಡಿ ಆಮೇಲೆ ಅವರಿಗೆ ಕೊಡು. ಬಚ್ಚಲಿಗಂತೂ ಇದನ್ನು ಹಾಕಿಕೊಂಡು ಹೋಗಲೇಬಾರದು.

ತಿಂಗಳು ಕಳೆದು ಎಲ್ಲ ಸರಿಯೆನಿಸಿದರೆ ಧಾರಾಳವಾಗಿ ಮಾರು. ಆದರೆ ಬರೀ ದಾರದ ದುಡ್ಡು ಲೆಕ್ಕ ಹಿಡಿದು ಬೆಲೆ ಕಟ್ಟಬೇಡ. ಕೂತು ಹೆಣೆದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋಗು, ಅದಕ್ಕೂ ಕೂಲಿ ಹಾಕು. ಬಿಡುವಿನ ಕೆಲಸ ತಾನೇ ಎಂದು ಹೆಂಗಸರ ಕೈಗೆಲಸವನ್ನು ಪುಕ್ಕಟೆ ಎಣಿಸುವವರು ಈಗಲೂ ಇದ್ದಾರೆ. ಅವರಿಗೆ ನೀನೇ ದಾರಿ ಮಾಡಿಕೊಡಬೇಡ.

ಕಡ್ಡಿ ಕೊಳ್ಳಬೇಡ, ನನ್ನ ಹತ್ತಿರ 6ನೇ ನಂಬರಿನದು ಇದೆ. ನಿನ್ನ ಅಣ್ಣ ಭಾನುವಾರ ಇಲ್ಲಿಗೆ ಬಂದಾಗ ಕೊಟ್ಟು ಕಳಿಸುತ್ತೇನೆ. ಅಷ್ಟರೊಳಗೆ ಅಜ್ಜಿಯ ಪಾದದ ಅಳತೆ ತೆಗೆದು ಫೋನ್ ಮಾಡು, ಕುಣಿಕೆಯ ಲೆಕ್ಕವನ್ನು ಇಬ್ಬರೂ ಸೇರಿ ಹಾಕೋಣ.

ಇತಿ,
ನಿನ್ನ ದೊಡ್ಡಮ್ಮ